ಮೂರು ಊರು, ಒಂದು ಜೋಳಿಗೆ

ಬೆಳಗಿನ ಏಳೂವರೆಗೆ ಯಾದಗಿರಿ ರೈಲು ನಿಲ್ದಾಣದ ಎದುರು ನಿಂತರೆ ಈ ಜಿಲ್ಲೆಯ ಅರ್ಧ ಕಥೆ ಕಣ್ಣೆದುರೇ ಬಿಚ್ಚಿಕೊಳ್ಳುತ್ತದೆ. ಮುಂಬೈ–ಚೆನ್ನೈ ಮಾರ್ಗದಲ್ಲಿ ಆ ದಿಕ್ಕಿನಿಂದೊಂದು, ಈ ದಿಕ್ಕಿನಿಂದೊಂದು ಗಾಡಿ ಬಂದು ಹೋದವು. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು ಹೊತ್ತ ಸಂಸಾರಗಳು ಇಳಿದವು. ಅಂಥವೇ ಬೇರೆ ಸಂಸಾರಗಳು ಹತ್ತಿದವು. ಇಳಿದವರು ಮುಂಬೈ, ಪುಣೆಗಳಲ್ಲಿ ಕಟ್ಟಡ ಕೆಲಸ ಮುಗಿಸಿ ಬಂದವರು. ಹತ್ತಿದವರು ಅಂಥದೇ ಕೆಲಸ ಹುಡುಕಿ ಹೊರಟವರು. ನಮ್ಮ ಕಡೆ ಇದಕ್ಕೆ ಗುಳೆ ಹೋಗುವುದು ಎನ್ನುತ್ತಾರೆ.

ನಿಲ್ದಾಣದ ಹೊರಗೆ ಚಹಾದಂಗಡಿ, ಅದಕ್ಕಂಟಿಕೊಂಡು ಪಾನ್ ಅಂಗಡಿ. ಅಂಗಡಿಯ ಮುಂದೆ ಬಣ್ಣಬಣ್ಣದ ಚೀಟಿಗಳು ಮದುವೆ ಮನೆಯ ತೋರಣದಂತೆ ತೂಗುತ್ತಿದ್ದವು. ಹತ್ತೋ ಹನ್ನೊಂದೋ ವಯಸ್ಸಿನ ಹುಡುಗನೊಬ್ಬ ಓಡಿ ಹೋಗಿ ಎರಡು ಬಗೆಯ ಚೀಟಿ ಹರಿಸಿಕೊಂಡು ಬಂದ. ಅವನ ತಂದೆ ಒಂದರೊಳಗೆ ಇನ್ನೊಂದನ್ನು ಸುರಿದು, ಅಲ್ಲಾಡಿಸಿ, ಬಾಯಿಗೆ ಹಾಕಿಕೊಂಡ. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧವಾಯಿತು. ಅಂದಿನಿಂದ ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಆಗಿ, ಅಂಗೈ ಮೇಲೆ ಮತ್ತೆ ಗುಟ್ಕಾ ಆಗುತ್ತದೆ. ಖಾಲಿ ಚೀಟಿಯನ್ನು ಹುಡುಗ ಒಮ್ಮೆ ಮೂಸಿ ನೋಡಿ ಎಸೆದ.

ಅವನು ಮೂಸಿ ನೋಡಿದ್ದನ್ನು ಆ ಗದ್ದಲದಲ್ಲಿ ಬೇರೆ ಯಾರೂ ಗಮನಿಸಲಿಲ್ಲ. ನಾನೂ ಗಮನಿಸುತ್ತಿರಲಿಲ್ಲವೇನೋ. ಆದರೆ ಅಂದು ನಾನು ಊರಿಂದ ಹೊರಟು ಬಂದದ್ದೇ ಅಂಥದ್ದನ್ನು ಗಮನಿಸುವವರ ಜೊತೆ ಒಂದು ದಿನ ತಿರುಗಾಡಲು.

ಕಂಪಾಸ್ ಪೆಟ್ಟಿಗೆಯೊಳಗಿನ ಚೀಟಿ

ನಾನು ಸುರಪುರ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನದ ಮಾಸ್ತರ. ಎರಡು ವರ್ಷದ ಹಿಂದೆ ಹತ್ತನೆಯ ತರಗತಿಯಲ್ಲಿ ಆಮ್ಲ, ಪ್ರತ್ಯಾಮ್ಲಗಳ ಪಾಠ ನಡೆದಿತ್ತು. ಹಿಂದಿನ ಬೆಂಚಿನಲ್ಲಿ ಒಬ್ಬನ ಕಂಪಾಸ್ ಪೆಟ್ಟಿಗೆ ಕೆಳಗೆ ಬಿದ್ದು, ಕೋನಮಾಪಕದ ಜೊತೆ ಎರಡು ಚೀಟಿಗಳೂ ಹೊರಬಿದ್ದವು. ಹುಡುಗ ಜಾಣ, ಲೆಕ್ಕದಲ್ಲಿ ಮುಂದು. ಅವನನ್ನು ತರಗತಿಯ ಮುಂದೆ ನಿಲ್ಲಿಸಿದೆ. ಚೀಟಿಗಳನ್ನು ಎತ್ತಿ ಎಲ್ಲರಿಗೂ ತೋರಿಸಿದೆ. ನಾಲ್ಕು ಮಾತು ಹೆಚ್ಚೇ ಆಡಿದೆ. ‘ಅಪ್ಪನ್ನ ಕರಕೊಂಡು ಬಾ, ಅಲ್ಲೀತನಕ ಕ್ಲಾಸಿಗೆ ಕಾಲಿಡಬ್ಯಾಡ’ ಅಂದೆ.

ಅಪ್ಪ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿದ್ದ. ಹುಡುಗ ಅಜ್ಜಿಯ ಜೊತೆ ಊರಲ್ಲಿದ್ದ. ಕರೆದುಕೊಂಡು ಬರಲು ಅಪ್ಪ ಇರಲಿಲ್ಲ, ಹುಡುಗ ಬರಲಿಲ್ಲ. ಒಂದು ವಾರ ಕಳೆದ ಮೇಲೆ ವಿಚಾರಿಸಿದರೆ ಮಾವನ ಜೊತೆ ಬೆಂಗಳೂರಿಗೆ ಹೋಗಿ ಇಟ್ಟಿಗೆ ಹೊರುತ್ತಿದ್ದಾನೆ ಎಂದು ತಿಳಿಯಿತು. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿತ್ತು. ಅದಕ್ಕೆ ಕಾರಣಗಳನ್ನು ಪಟ್ಟಿ ಮಾಡುವ ಸಭೆಗಳಲ್ಲಿ ನಾನೂ ಕುಳಿತಿದ್ದೇನೆ. ಬಾಗಿಲು ತೋರಿಸುವ ಮಾಸ್ತರ ಎಂಬ ಕಾರಣ ಆ ಪಟ್ಟಿಗಳಲ್ಲಿ ಇರುವುದಿಲ್ಲ.

ಈ ಸಂಕಟವನ್ನು ಊರಿನ ಆಶಾ ಕಾರ್ಯಕರ್ತೆಯ ಮುಂದೆ ಹೇಳಿಕೊಂಡಾಗ ಆಕೆ, ‘ಯಾದಗಿರಿ ದವಾಖಾನಿಯೊಳಗ ಇದಕ್ಕಂತನ ಮಂದಿ ಅದಾರ್ರಿ ಸರ. ಸಾಲಿಗಿ ಬಂದು ಹುಡುಗರ ಜೋಡಿ ಮಾತಾಡ್ತಾರ’ ಎಂದಳು. ಅವರನ್ನು ನಮ್ಮ ಶಾಲೆಗೆ ಕರೆಯಲು ಹೋದೆ. ‘ಬರ್ತೀವ್ರಿ. ಅದಕ್ಕ ಮೊದಲ ಒಂದು ದಿನ ನಮ್ಮ ಜೋಡಿ ನೀವು ಬರ್ರಿ’ ಎಂದರು. ಹಾಗೆ ಒಂದು ಮಂಗಳವಾರ ಗೊತ್ತಾಯಿತು.

ಆಸ್ಪತ್ರೆಯ ಒಂದು ಕೋಣೆ

ಯಾದಗಿರಿ ಹಳೆಯ ಊರು, ಹೊಸ ಜಿಲ್ಲೆ. ಗುಡ್ಡದ ಮೇಲಿನ ಕೋಟೆಗೆ ಶತಮಾನಗಳ ವಯಸ್ಸು. ಗುಲಬರ್ಗಾದಿಂದ ಬೇರೆಯಾಗಿ ರಾಜ್ಯದ 30ನೆಯ ಜಿಲ್ಲೆ ಎಂದು ಅಧಿಸೂಚನೆ ಹೊರಬಿದ್ದದ್ದು 2009ರ ಡಿಸೆಂಬರ್ 30ರಂದು. ಜಿಲ್ಲೆ ಆದ ಮೇಲೆ ಜಿಲ್ಲಾ ಕಚೇರಿಗಳು ಬಂದವು, ಅವುಗಳ ಜೊತೆ ಬೇರೆ ಊರುಗಳಿಂದ ಎಳೆಯ ನೌಕರರೂ ಬಂದರು. ನಾನು ಹುಡುಕಿಕೊಂಡು ಹೋದ ಕೋಣೆಯಲ್ಲಿದ್ದವರು ಅಂಥವರೇ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ಶುಶ್ರೂಷಕಿಯರು ಇರುತ್ತಾರೆ. ತಂಬಾಕು ನಿಯಂತ್ರಣ ಕೋಶಕ್ಕೆ ಸಲಹೆಗಾರರು, ಆಪ್ತ ಸಮಾಲೋಚಕರು ಬೇರೆ. ಹದಿಹರೆಯದವರಿಗಾಗಿಯೇ ‘ಸ್ನೇಹ ಕ್ಲಿನಿಕ್’ ಎಂಬ ವ್ಯವಸ್ಥೆ ಇದೆ. ಹೆಸರುಗಳು ಹಲವು, ಮಂದಿ ಕೆಲವರು. ಅವರಲ್ಲೂ ಹೆಚ್ಚಿನವರು ಗುತ್ತಿಗೆಯ ಮೇಲೆ ದುಡಿಯುವವರು. ಆದರೂ ಜಿಲ್ಲೆಯ ಯಾವ ಊರಿನ ಯಾವ ಶಾಲೆಯ ಹಿಂದೆ ಹುಡುಗರು ಕೂಡುವ ಪಾಳು ಗೋಡೆ ಇದೆ ಎಂಬುದು ಅವರಿಗೆ ಗೊತ್ತು.

ನನಗೆ ಆ ದಿನದ ದಾರಿ ತೋರಿಸಿದವರು ಮೂವತ್ತರ ಆಸುಪಾಸಿನ ಒಬ್ಬ ಆಪ್ತ ಸಮಾಲೋಚಕಿ. ಅವರ ಮೊದಲ ಮಾತೇ ನನ್ನನ್ನು ತಿದ್ದಿತು. ‘ಯಾಕ ತಿಂತಿ ಅಂತ ಕೇಳಿದ್ರ ಯಾವ ಹುಡುಗನೂ ಖರೇ ಹೇಳಂಗಿಲ್ರಿ ಸರ. ಯಾಕ ಅನ್ನೂದು ಅವಂಗೂ ಗೊತ್ತಿರಂಗಿಲ್ಲ. ಮೊದಲನೇ ಸಲ ಯಾರ ಜೋಡಿ ತಿಂದಿ, ಎಲ್ಲಿ ಕುಂತು ತಿಂದಿ ಅಂತ ಕೇಳ್ರಿ. ಕಥಿ ಹೇಳಾಕ ಸುರು ಮಾಡ್ತಾನ.’ ಆ ಕಥೆಗಳಲ್ಲಿ ಕೆಟ್ಟ ಗೆಳೆಯರಿಗಿಂತ ಹೆಚ್ಚಾಗಿ ಬರುವವರು ಅಜ್ಜ, ಮಾವ, ಅಣ್ಣ ಎಂದರು. ಅಜ್ಜನ ಚಂಚಿಯಿಂದ ಒಂದು ಹೋಳು ಅಡಿಕೆ, ಮಾವನ ಕೈಯಿಂದ ಒಂದು ಚಿಟಿಕೆ. ದೇಶದ 13ರಿಂದ 15 ವರ್ಷದ ವಿದ್ಯಾರ್ಥಿಗಳ ನಡುವೆ 2019ರಲ್ಲಿ ನಡೆದ ಸಮೀಕ್ಷೆಯಲ್ಲಿ ಶೇ 8.5 ಮಂದಿ ತಂಬಾಕು ಬಳಸುವುದು ಕಂಡುಬಂತು. ಅಗಿಯುವ ತಂಬಾಕು ರೂಢಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 10 ವರ್ಷ ತುಂಬುವ ಮೊದಲೇ ಅದರ ರುಚಿ ನೋಡಿದ್ದರು. ಹತ್ತು ವರ್ಷದ ಮಗು ಮನೆಯಿಂದ ಎಷ್ಟು ದೂರ ಹೋಗಿರುತ್ತದೆ? ಪಾಲಕರು ಯೋಚಿಸಬೇಕಾದ ಮಾತು.

ತಂಬಾಕಿನ ಆಚೆಗೂ ಇಲ್ಲಿ ಇನ್ನೊಂದು ಪಿಡುಗಿದೆ. ತೆಲಂಗಾಣದ ಗಡಿಗೆ ಹೊಂದಿಕೊಂಡ ಭಾಗಗಳಲ್ಲಿ ಸೇಂದಿಯ ಹೆಸರಿನಲ್ಲಿ ಸಿ.ಎಚ್. ಪೌಡರ್ ಕದಡಿದ ನೀರು ಮಾರಾಟವಾಗುವುದು ಹೊಸ ಸುದ್ದಿಯಲ್ಲ. ಸಿ.ಎಚ್. ಎಂದರೆ ಕ್ಲೋರಲ್ ಹೈಡ್ರೇಟ್. ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ 1832ರಲ್ಲಿ ಇದನ್ನು ತಯಾರಿಸಿದ. 1869ರಿಂದ ನಿದ್ದೆಯ ಔಷಧಿಯಾಗಿ ಬಳಕೆಗೆ ಬಂತು. ಔಷಧಿಯಾಗಿ ಅಳತೆಯಲ್ಲಿ ಕೊಡುತ್ತಿದ್ದ ವಸ್ತುವನ್ನು ಅಳತೆಯಿಲ್ಲದೆ ಕುಡಿದರೆ ಮೆದುಳು ಅದಕ್ಕೇ ಒಗ್ಗಿಕೊಳ್ಳುತ್ತದೆ. ಆಮೇಲೆ ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಗುತ್ತವೆ, ಮಾತು ತಪ್ಪುತ್ತದೆ, ಮೂರ್ಛೆ ಬರಬಹುದು. ಅದಕ್ಕೇ ಇಂಥವರನ್ನು ಮನೆಯಲ್ಲಿ ಕಟ್ಟಿಹಾಕಿ ಬಿಡಿಸುವುದು ಅಪಾಯ, ಆಸ್ಪತ್ರೆಗೆ ತರಬೇಕು ಎಂದು ಈ ಮಂದಿ ಊರೂರಿಗೆ ಹೇಳುತ್ತಾರೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ, ದಾರಿ ಬದಲಿಸಿತು.

ಶಹಾಪುರದ ಹಳದಿ ಗೆರೆ

ಮನೋವೈದ್ಯರು ಜೀಪಿನಲ್ಲಿ ನೇರ ಸುರಪುರಕ್ಕೆ ಹೊರಟರು. ಸಮಾಲೋಚಕಿ, ತಂಬಾಕು ಕೋಶದ ಸಮಾಜ ಕಾರ್ಯಕರ್ತ ಮತ್ತು ನಾನು ಶಹಾಪುರದ ಬಸ್ಸು ಹಿಡಿದೆವು. ಊರು ದಾಟಿದೊಡನೆ ಭೀಮಾ ನದಿ. ಅದನ್ನು ದಾಟಿ ದೋರನಹಳ್ಳಿಯ ಕಡೆ ಸಾಗಿದರೆ ಎರಡೂ ಬದಿ ಕರಿ ಎರೆಭೂಮಿ, ತೊಗರಿ, ಹತ್ತಿ. ಹತ್ತಿ ಬಿಡಿಸುವ ಸುಗ್ಗಿಯಲ್ಲಿ ನಮ್ಮ ಶಾಲೆಗಳ ಹಾಜರಿ ಪುಸ್ತಕ ಬಿಕೋ ಎನ್ನುತ್ತದೆ. ಹೊಲದಲ್ಲಿ ದೊಡ್ಡವರ ಸಾಲಿನಲ್ಲಿ ಸಣ್ಣವರೂ ನಿಂತಿರುತ್ತಾರೆ. ದಣಿವಾದಾಗ ದೊಡ್ಡವರು ತಂಬಾಕು ತಿಕ್ಕುತ್ತಾರೆ. ‘ಹಸಿವು ಸಾಯ್ತದ’ ಎನ್ನುತ್ತಾರೆ. ನಿಕೋಟಿನ್ ಹಸಿವನ್ನು ಮರೆಸುವುದು ನಿಜ. ಹೊಟ್ಟೆ ತುಂಬಿಸುವುದಿಲ್ಲ.

ಶಹಾಪುರ ಹತ್ತಿರವಾಗುತ್ತಿದ್ದಂತೆ ಗುಡ್ಡಗಳ ಸಾಲಿನಲ್ಲಿ ಪ್ರಸಿದ್ಧವಾದ ಆ ಆಕೃತಿ ಕಾಣಿಸುತ್ತದೆ. ಹಣೆ, ಮೂಗು, ಗದ್ದ, ಎದೆ. ಬುದ್ಧ ಅಂಗಾತ ಮಲಗಿದಂತೆ. ಯಾರೂ ಕೆತ್ತಿದ್ದಲ್ಲ. ಬಂಡೆಗಳು ತಾವಾಗಿಯೇ ಹಾಗೆ ಜೋಡಿಸಿಕೊಂಡಿವೆ. ಪ್ರವಾಸಿಗರು ರಸ್ತೆಯಲ್ಲಿ ನಿಂತು ಚಿತ್ರ ತೆಗೆದುಕೊಳ್ಳುತ್ತಾರೆ. ನಾವು ಬಸ್ಸಿನ ಕಿಟಕಿಯಿಂದಲೇ ಕೈಮುಗಿದು ಶಾಲೆಯೊಂದರ ಹಾದಿ ಹಿಡಿದೆವು.

ಅಲ್ಲಿ ಭಾಷಣ ಇರಬಹುದೆಂದು ನಾನು ಎಣಿಸಿದ್ದೆ. ಇದ್ದದ್ದು ಅಳತೆಯ ಟೇಪು, ಹಳದಿ ಬಣ್ಣದ ಡಬ್ಬಿ ಮತ್ತು ಒಂದು ಕುಂಚ. 2003ರ ಕೇಂದ್ರ ಕಾಯ್ದೆಯ ಪ್ರಕಾರ ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ. ಸಮಾಜ ಕಾರ್ಯಕರ್ತ ಮಕ್ಕಳನ್ನು ಕೇಳಿದ: ‘ನೂರು ಗಜ ಅಂದ್ರ ಎಷ್ಟು ಮೀಟರ್?’ ಒಂದು ಹುಡುಗಿ ನೋಟುಬುಕ್ಕಿನಲ್ಲಿ ಗುಣಿಸಿ ‘ತೊಂಬತ್ತೊಂದೂವರಿ ಹತ್ರ ಹತ್ರ’ ಎಂದಳು. ಗೇಟಿನಿಂದ ಟೇಪು ಹಿಡಿದು ಹೊರಟ ಮಕ್ಕಳ ದಂಡು ರಸ್ತೆಯ ಮೇಲೆ ಅಷ್ಟು ದೂರ ಅಳೆದು ಹಳದಿ ಗೆರೆ ಎಳೆಯಿತು. ಗೆರೆಯ ಒಳಗೆ ಎರಡು ಅಂಗಡಿಗಳಿದ್ದವು. ಮಕ್ಕಳು ಇಬ್ಬರೂ ಅಂಗಡಿಯವರಿಗೆ ಒಂದೊಂದು ಗುಲಾಬಿ ಕೊಟ್ಟು, ‘ಕಾಕಾ, ನಮ್ಮ ಸಾಲಿ ಹತ್ರ ಇದನ್ನ ಮಾರಬ್ಯಾಡ್ರಿ’ ಎಂದರು.

ಒಬ್ಬ ಅಂಗಡಿಯವ ಚೀಟಿಗಳ ಮಾಲೆ ಇಳಿಸಿ ಒಳಗಿಟ್ಟ. ಇನ್ನೊಬ್ಬ ಹೂವನ್ನು ತಿರುಗಿಸಿ ನೋಡುತ್ತ, ‘ಇದನ್ನ ಬಿಟ್ರ ನನ್ನ ಮಕ್ಕಳು ಏನು ಉಣಬೇಕ್ರಿ?’ ಎಂದ. ಸಮಾಜ ಕಾರ್ಯಕರ್ತ ವಾದ ಮಾಡಲಿಲ್ಲ. ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕುಳಿತು, ಶೇಂಗಾ ಚಿಕ್ಕಿ, ಪೆನ್ನು, ನೋಟುಬುಕ್ಕು ಮಾರಿದರೆ ದಿನಕ್ಕೆ ಎಷ್ಟು ಹುಟ್ಟುತ್ತದೆ ಎಂದು ಅವನ ಜೊತೆ ಲೆಕ್ಕ ಹಾಕಿದ. ಕಾಯ್ದೆಯನ್ನೂ ಹೇಳಿದ. ಮೊದಲು 18 ವರ್ಷದೊಳಗಿನವರಿಗೆ ಮಾರುವಂತಿರಲಿಲ್ಲ. ನಮ್ಮ ರಾಜ್ಯ ತಂದ ತಿದ್ದುಪಡಿ 2025ರಲ್ಲಿ ಜಾರಿಯಾದ ಮೇಲೆ ಆ ವಯಸ್ಸು 21ಕ್ಕೆ ಏರಿದೆ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200ರಿಂದ 1,000 ರೂಪಾಯಿಗೆ ಏರಿದೆ. ಎದ್ದು ಬರುವಾಗ, ‘ಮುಂದಿನ ವಾರ ಮತ್ತ ಬರ್ತೀನ್ರಿ ಅಣ್ಣಾರ’ ಎಂದ. ಅಂಗಡಿಯವ ನಕ್ಕು, ‘ಇದು ನಾಲ್ಕನೇ ಸಲ ನೋಡ್ರಿ ಇವ್ರು ಬಂದಿದ್ದು’ ಎಂದು ನನಗೆ ಹೇಳಿದ. ಆ ನಗುವಿನಲ್ಲಿ ಸಿಟ್ಟಿರಲಿಲ್ಲ.

ಮೂರು ಬೆರಳು

ಆಮೇಲೆ ಸಮಾಲೋಚಕಿ ತರಗತಿಯೊಳಗೆ ಒಂದು ಆಟ ಆಡಿಸಿದರು. ತೋರುಬೆರಳು, ನಡುಬೆರಳು, ಉಂಗುರದ ಬೆರಳು ಮೂರನ್ನೂ ಒಟ್ಟಿಗೆ ಹಿಡಿದು, ಒಂದರ ಕೆಳಗೊಂದು ಬರುವಂತೆ ಬಾಯಿಯಲ್ಲಿ ನಿಲ್ಲಿಸಬೇಕು. ಸರಾಗವಾಗಿ ನಿಂತರೆ ಬಾಯಿ ಚೆನ್ನಾಗಿ ತೆರೆಯುತ್ತಿದೆ ಎಂದು ಅರ್ಥ. ಅಡಿಕೆ, ಗುಟ್ಕಾ ಅಗಿಯುವವರ ಕೆನ್ನೆಯ ಒಳಪದರ ಮೆಲ್ಲಗೆ ನಾರಿನಂತೆ ಬಿಗಿಯುತ್ತ ಹೋಗುತ್ತದೆ. ಮೂರು ಬೆರಳು ಎರಡಾಗುತ್ತವೆ, ಎರಡು ಒಂದಾಗುತ್ತದೆ. ಇದು ಕ್ಯಾನ್ಸರಿನ ಮುನ್ಸೂಚನೆಯಾಗಬಹುದು. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದೆ.

ಮಕ್ಕಳೆಲ್ಲ ಬಾಯಿಯಲ್ಲಿ ಬೆರಳಿಟ್ಟು ನಗುತ್ತಿದ್ದರು. ಸಮಾಲೋಚಕಿ ತಿರುಗಿ, ‘ಸರ, ನೀವೂ ನೋಡ್ರಿ’ ಎಂದರು.

ನಾನು ನೋಡಿದೆ. ಎರಡು ಬೆರಳು ಹೋದವು. ಮೂರನೆಯದು ಹಲ್ಲಿಗೆ ತಗುಲಿ ನಿಂತಿತು.

ನನ್ನ ಅಂಗಿಯ ಕಿಸೆಯಲ್ಲಿ ಒಂದು ತಗಡಿನ ಡಬ್ಬಿ ಇತ್ತು. ಒಂದು ಕಡೆ ತಂಬಾಕು, ಇನ್ನೊಂದು ಕಡೆ ಸುಣ್ಣ. ಇಪ್ಪತ್ತೆರಡು ವರ್ಷದಿಂದ ಆ ಡಬ್ಬಿ ಆ ಕಿಸೆಯಲ್ಲೇ ಇತ್ತು. ಕಂಪಾಸ್ ಪೆಟ್ಟಿಗೆ ಬಿದ್ದ ದಿನವೂ ಇತ್ತು. ಸುಣ್ಣ ಪ್ರತ್ಯಾಮ್ಲ, ತಂಬಾಕಿನ ಜೊತೆ ತಿಕ್ಕಿದಾಗ ಅದು ನಿಕೋಟಿನ್ನನ್ನು ಲವಣದಿಂದ ಬಿಡಿಸಿ ಬಾಯಿಯ ತೆಳುಚರ್ಮದ ಮೂಲಕ ಬೇಗ ರಕ್ತಕ್ಕೆ ಸೇರಿಸುತ್ತದೆ. ಅಂಗೈಯ ಮೇಲೆ ದಿನಕ್ಕೆ ಎಂಟು ಸಲ ಈ ಪ್ರಯೋಗ ಮಾಡುತ್ತಿದ್ದವನು ತರಗತಿಯಲ್ಲಿ ಆಮ್ಲ, ಪ್ರತ್ಯಾಮ್ಲಗಳ ಪಾಠ ಮಾಡುತ್ತಿದ್ದೆ. ಅಷ್ಟೇ ಅಲ್ಲ. ತಂಬಾಕು ತೀರಿದಾಗ ಮಧ್ಯಾಹ್ನದ ಬಿಡುವಿನಲ್ಲಿ ಯಾರಾದರೊಬ್ಬ ಹುಡುಗನನ್ನು ಅಂಗಡಿಗೆ ಕಳಿಸುತ್ತಿದ್ದೆ. ಚುರುಕಾಗಿ ಓಡಿ, ಚಿಲ್ಲರೆ ಸರಿಯಾಗಿ ಎಣಿಸಿಕೊಂಡು ಬರುತ್ತಿದ್ದವನು ಲೆಕ್ಕದಲ್ಲಿ ಮುಂದಿದ್ದ ಆ ಹುಡುಗನೇ.

ಮಕ್ಕಳ ಮುಂದೆ ಅವರು ಏನೂ ಹೇಳಲಿಲ್ಲ. ಹೊರಗೆ ಬಂದ ಮೇಲೆ, ‘ಹುಡುಗನ್ನ ಹೊರಗ ನಿಲ್ಲಿಸಿದ ದಿನ ನಿಮ್ಮನ್ನೂ ಯಾರಾದ್ರೂ ಹೊರಗ ನಿಲ್ಲಿಸಿದ್ರ ನೀವು ಬಿಡ್ತಿದ್ರೇನ್ರಿ ಸರ?’ ಎಂದು ಕೇಳಿದರು. ಬಿಡುತ್ತಿರಲಿಲ್ಲ. ಕದ್ದು ತಿನ್ನುತ್ತಿದ್ದೆ. ‘ಮಾಸ್ತರಿಗಾದ್ರ ಕದ್ದು ತಿನ್ನಾಕ ಮನಿ ಅದ, ನೌಕರಿ ಅದ. ಹುಡುಗಗ ಸಾಲಿ ಒಂದ ಇತ್ತು’ ಎಂದರು. ಮಗಳ ವಯಸ್ಸಿನ ಹೆಣ್ಣುಮಗಳು. ಮಾತಿನಲ್ಲಿ ಕಹಿ ಇರಲಿಲ್ಲ. ಎಂದಿನ ಕೆಲಸ ಮಾಡುತ್ತಿದ್ದರು, ಅಷ್ಟೇ. ರೋಗಿ ನಾನಾಗಿದ್ದೆ.

ಸುರಪುರದ ಗುಡ್ಡದ ಕೆಳಗೆ

ಶಹಾಪುರದಿಂದ ಭೀಮರಾಯನಗುಡಿ, ಹತ್ತಿಗೂಡೂರು ದಾಟಿ ಸುರಪುರದ ಹಾದಿ. ಕೃಷ್ಣೆಯ ಕಾಲುವೆ ಬಂದ ಮೇಲೆ ಈ ಸಗರನಾಡಿನ ಬಣ್ಣವೇ ಬದಲಾಗಿದೆ. ಜೋಳ, ಸಜ್ಜೆ ಬೆಳೆಯುತ್ತಿದ್ದ ಕಡೆ ನೆಲ್ಲಿನ ಹಸಿರು. ನೀರು ಬಂದ ಊರುಗಳಲ್ಲಿ ಕೈಯಲ್ಲಿ ದುಡ್ಡು ಓಡಾಡಿದೆ. ನೀರು ಬಾರದ ಊರುಗಳಲ್ಲಿ ಗುಳೆ ಮುಂದುವರಿದಿದೆ. ಚಟಕ್ಕೆ ಎರಡೂ ಒಗ್ಗುತ್ತವೆ ಎಂದರು ಸಮಾಲೋಚಕಿ. ದುಡ್ಡಿದ್ದ ಮನೆಯ ಹುಡುಗನಿಗೆ ಕೇಳುವವರಿಲ್ಲ. ದುಡ್ಡಿಲ್ಲದ ಮನೆಯ ಹುಡುಗನ ಹತ್ತಿರ ಕೇಳುವವರೇ ಇಲ್ಲ, ಗುಳೆ ಹೋಗಿರುತ್ತಾರೆ.

ಸುರಪುರ ಗುಡ್ಡಗಳ ನಡುವಿನ ಊರು. ಇಲ್ಲಿ 1841ರಿಂದ 1853ರವರೆಗೆ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಕಟ್ಟಿಸಿದ ಟೇಲರ್ ಮಂಜಿಲ್ ಗುಡ್ಡದ ಮೇಲಿದೆ. ಅವನ ಕಣ್ಣೆದುರು ಬೆಳೆದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಸಿಡಿದೆದ್ದಾಗ ಇನ್ನೂ ಇಪ್ಪತ್ತರ ಹರೆಯದ ಅರಸ. ನನ್ನ ಜೊತೆಗಿದ್ದ ಸಮಾಜ ಕಾರ್ಯಕರ್ತ ಇದೇ ಕಥೆಯಿಂದ ತನ್ನ ಪಾಠ ಶುರು ಮಾಡುತ್ತಾನಂತೆ. ಹರೆಯಕ್ಕೆ ಧೈರ್ಯ ಹೆಚ್ಚು, ಅದು ತಪ್ಪಲ್ಲ. ಮೆದುಳಿನ ಮುಂಭಾಗದಲ್ಲಿ, ಹಣೆಯ ಹಿಂದೆ, ಮುಂದಾಗುವುದನ್ನು ತೂಗಿ ನೋಡುವ ಕೇಂದ್ರವಿದೆ. ಅದು ಪೂರ್ತಿ ಮಾಗುವುದು 25ರ ಸುಮಾರಿಗೆ. ಆಸೆಯ ಎಂಜಿನ್ನು ಮೊದಲು ಬರುತ್ತದೆ, ಬ್ರೇಕು ಆಮೇಲೆ. ಆ ನಡುವಿನ ಹತ್ತು ವರ್ಷ ಬ್ರೇಕಿನ ಕೆಲಸವನ್ನು ಸುತ್ತಲಿನ ದೊಡ್ಡವರು ಮಾಡಬೇಕು.

ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ ಈ ಏರ್ಪಾಡಿಗೆ ‘ಮನೋಚೈತನ್ಯ’ ಎಂದು ಹೆಸರು. ನಾವು ಹೋದಾಗ ಸಾಲು ಹೊರಗಿನ ಜಗುಲಿಯವರೆಗೆ ಬಂದಿತ್ತು. ಹದಿನೇಳರ ಮಗನನ್ನು ಕರೆದುಕೊಂಡು ಬಂದ ತಾಯಿಯೊಬ್ಬಳು ಸೆರಗಿನ ತುದಿ ಹಿಂಡುತ್ತ ಕುಳಿತಿದ್ದಳು. ಮಗ ಪಂಕ್ಚರ್ ಅಂಗಡಿಯಲ್ಲಿ ಕೆಲಸಕ್ಕಿದ್ದು, ಟ್ಯೂಬಿಗೆ ಹಚ್ಚುವ ಸೊಲ್ಯೂಷನ್ನನ್ನು ಬಟ್ಟೆಗೆ ಹಾಕಿ ಮೂಸುವುದನ್ನು ಕಲಿತಿದ್ದ. ಅಂಥ ಅಂಟುಗಳಲ್ಲಿ ಟೊಲ್ವಿನ್‌ನಂಥ ದ್ರಾವಕಗಳಿರುತ್ತವೆ. ಉಸಿರಿನಿಂದ ನೇರ ಮೆದುಳಿಗೇ ಏರುತ್ತವೆ. ‘ಹಡದ ತಪ್ಪಿಗೆ ನನ್ನ ಹಣೆಬರಹ’ ಎಂದಳು ತಾಯಿ. ಶುಶ್ರೂಷಕಿ ಆಕೆಯ ಪಕ್ಕದಲ್ಲಿ ಕುಳಿತು, ‘ಇದು ಹಣೆಬರಹ ಅಲ್ಲವ್ವಾ, ಬ್ಯಾನಿ. ಬ್ಯಾನಿಗೆ ಮದ್ದದ. ಹದಿನೈದು ದಿನಕ್ಕ ಮತ್ತ ಬಾ, ಇವನ್ನ ಕರಕೊಂಡ ಬಾ’ ಎಂದಳು. ಮಗನಿಗೆ ಬೈಗುಳ ಬೀಳಲಿಲ್ಲ. ಅವನು ಮೊದಲ ಬಾರಿಗೆ ತಲೆ ಎತ್ತಿದ.

ಅಲ್ಲೇ ಐವತ್ತು ದಾಟಿದ ಒಬ್ಬರು ಸಿಕ್ಕರು. ಇಪ್ಪತ್ತು ವರ್ಷ ಕುಡಿದವರು. ಈಗ ಕುಡಿತ ಬಿಟ್ಟು, ಬೇರೆ ಕುಡುಕರ ಮನೆಗೆ ಹೋಗಿ ಕೂರುವುದೇ ಅವರ ಕೆಲಸ. ಸಂಬಳವಿಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ನಡೆಸುವ ಮದ್ಯವರ್ಜನ ಶಿಬಿರಗಳಲ್ಲಿ ಹೀಗೆ ಬಿಟ್ಟವರು ಸೇರಿ ನವಜೀವನ ಸಮಿತಿ ಮಾಡಿಕೊಳ್ಳುತ್ತಾರೆ. ‘ಬಿಡೂದು ಒಂದು ದಿನದ ಮಾತ್ರೀ ಸರ. ಬಿಟ್ಟಂಗ ಇರೂದು ದಿನಾ ಮಾಡೂ ಕೆಲಸ’ ಎಂದರು.

ಇಳಕಲ್ಲಿನ ಜೋಳಿಗೆ

ನಮ್ಮ ನಾಡಿಗೆ ಈ ಕೆಲಸ ಹೊಸದಲ್ಲ. ಕೃಷ್ಣೆಯ ಆಚೆ, ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಚಿತ್ತರಗಿ ಪೀಠದ ಮಹಾಂತ ಸ್ವಾಮೀಜಿ ಎಂಬವರಿದ್ದರು. 1975ರಲ್ಲಿ ಅವರು ಹೆಗಲಿಗೆ ಜೋಳಿಗೆ ಹಾಕಿಕೊಂಡು ಮನೆಮನೆಗೆ, ಕೇರಿಕೇರಿಗೆ ಹೊರಟರು. ಬೇಡಿದ್ದು ಕಾಳಲ್ಲ, ಕಾಸಲ್ಲ; ಜನರ ದುಶ್ಚಟಗಳನ್ನು. ಬೀಡಿ ಕಟ್ಟು, ತಂಬಾಕಿನ ಚೀಲ, ಬಾಟಲಿ ಏನಿದ್ದರೂ ಜೋಳಿಗೆಗೆ ಹಾಕಿ ಇನ್ನು ಮುಟ್ಟುವುದಿಲ್ಲ ಎಂದು ಮಾತು ಕೊಡಬೇಕು. ‘ಮಹಾಂತ ಜೋಳಿಗೆ’ ಎಂದು ಅದು ನಾಡೆಲ್ಲ ಹೆಸರಾಯಿತು. ಸ್ವಾಮೀಜಿ 2018ರಲ್ಲಿ ತೀರಿಕೊಂಡರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ.

ನಮ್ಮ ಶಾಲೆಯಲ್ಲೂ ಆ ದಿನ ಪ್ರತಿಜ್ಞೆ ಬೋಧಿಸುತ್ತೇವೆ. ಡಬ್ಬಿಯನ್ನು ಕಿಸೆಯಲ್ಲಿಟ್ಟುಕೊಂಡೇ ನಾನು ಅದನ್ನು ಬೋಧಿಸಿದ್ದೇನೆ. ಜೋಳಿಗೆ ಹಿಡಿದು ನಿಂತವರು ಮನೆ ಬಾಗಿಲಿಗೆ ಬಂದು ಬೇಡುತ್ತಾರೆ. ಬಾಗಿಲಿನಿಂದ ಹೊರಗೆ ಅಟ್ಟುವುದಿಲ್ಲ. ಈ ವ್ಯತ್ಯಾಸ ನನಗೆ ಅಂದು ಸುರಪುರದ ಆಸ್ಪತ್ರೆಯ ಜಗುಲಿಯ ಮೇಲೆ ಕುಳಿತಾಗ ಹೊಳೆಯಿತು.

ದೂರದ ಐಸ್‌ಲ್ಯಾಂಡ್ ದೇಶದ ಮಾತನ್ನೂ ಇಲ್ಲಿ ಹೇಳಬೇಕು. 1998ರಲ್ಲಿ ಅಲ್ಲಿನ 15–16 ವರ್ಷದ ಮಕ್ಕಳಲ್ಲಿ ಶೇ 42ರಷ್ಟು ಮಂದಿ ಹಿಂದಿನ ತಿಂಗಳು ಕುಡಿದು ಅಮಲೇರಿಸಿಕೊಂಡಿದ್ದೆವು ಎಂದಿದ್ದರು. 2016ರ ಹೊತ್ತಿಗೆ ಅದು ಶೇ 5ಕ್ಕೆ ಇಳಿಯಿತು. ಅವರು ಮಕ್ಕಳನ್ನು ಹೆದರಿಸಲಿಲ್ಲ. ಸಂಜೆಯ ಹೊತ್ತಿಗೆ ಆಟ, ಸಂಗೀತ, ಚಿತ್ರಕಲೆಗೆ ಜಾಗ, ಖರ್ಚಿಗೆ ಹಣ ಒದಗಿಸಿದರು. ರಾತ್ರಿ ಮಕ್ಕಳು ಹೊರಗೆ ಅಲೆಯದಂತೆ ಹೊತ್ತು ಗೊತ್ತುಮಾಡಿದರು. ತಂದೆತಾಯಿ ಮಕ್ಕಳ ಜೊತೆ ಹೆಚ್ಚು ಹೊತ್ತು ಇರುವಂತೆ ಊರೂರಿನಲ್ಲಿ ಒಪ್ಪಂದ ಮಾಡಿಕೊಂಡರು. ನಮ್ಮಲ್ಲಿ ತಂದೆತಾಯಿ ಗುಳೆ ಹೋಗಿರುವಾಗ ಆ ಹೊತ್ತು ಯಾರದು? ಅಜ್ಜಿಯದು, ಅಂಗನವಾಡಿಯದು, ಆಶಾಳದು, ಮಾಸ್ತರದು. ನಮ್ಮ ಶಾಲೆಯ ಮೈದಾನದ ಗೇಟಿಗೆ ಸಂಜೆ ನಾಲ್ಕೂವರೆಗೆ ಬೀಗ ಬೀಳುತ್ತಿತ್ತು. ಆ ಬೀಗದ ಕೈ ನನ್ನ ಹತ್ತಿರವೇ ಇತ್ತು.

ಮತ್ತೆ ಬರುವವರು

ಸಂಜೆ ಬಸ್ ನಿಲ್ದಾಣದ ಹೋಟೆಲಿನಲ್ಲಿ ಒಗ್ಗರಣೆ, ಮಿರ್ಚಿ ತಿಂದು ಚಹಾ ಕುಡಿದೆವು. ಚಹಾ ಆದ ಮೇಲೆ ಕೈ ತಾನಾಗಿ ಕಿಸೆಗೆ ಹೋಯಿತು. ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ‘ತಂಗಿ, ಇದನ್ನ ನಿಮ್ಮ ಜೋಳಿಗಿಗೆ ಹಾಕ್ಕೊಳ್ರಿ’ ಎಂದೆ. ಸಮಾಲೋಚಕಿ ಡಬ್ಬಿ ತೆಗೆದುಕೊಂಡರು; ಹೊಗಳಲಿಲ್ಲ. ಬಯಕೆ ಅಲೆಯ ಹಾಗೆ ಏರಿ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ, ಆ ಹೊತ್ತು ತಳ್ಳಬೇಕು, ದೀರ್ಘವಾಗಿ ಉಸಿರಾಡಬೇಕು, ನೀರು ಕುಡಿಯಬೇಕು, ಕೈಗೆ ಬೇರೆ ಕೆಲಸ ಕೊಡಬೇಕು ಎಂದು ಹೇಳಿ, ಚೀಟಿಯಲ್ಲಿ ಒಂದು ತಾರೀಖು ಬರೆದುಕೊಟ್ಟರು. ‘ಅವತ್ತು ಬರ್ರಿ. ನಡುವ ತಿಂದ್ರೂ ಬರ್ರಿ. ತಿಂದೀನಿ ಅಂತ ನಾಚಿ ತಪ್ಪಿಸಿಕೋಬ್ಯಾಡ್ರಿ.’

ಹನ್ನೊಂದನೆಯ ದಿನ ತಿಂದೆ. ಆದರೂ ಹೋದೆ. ಅವರು ಬೈಯಲಿಲ್ಲ; ಯಾವ ಹೊತ್ತಿಗೆ, ಯಾರ ಜೋಡಿ ಎಂದು ಕೇಳಿದರು. ಕಥೆ ಹೇಳಿದೆ. ಈಗ ಏಳು ತಿಂಗಳಾಗಿವೆ. ವೈದ್ಯರು ಹೇಳಿದ ಬಾಯಿಯ ವ್ಯಾಯಾಮ ದಿನಾ ಮಾಡುತ್ತೇನೆ. ಮೂರನೆಯ ಬೆರಳು ಇನ್ನೂ ಹೋಗುವುದಿಲ್ಲ. ಶಾಲೆಯ ಗೇಟಿನಿಂದ ಮಕ್ಕಳು ಹಳದಿ ಗೆರೆ ಎಳೆದಿದ್ದಾರೆ. ಮೈದಾನದ ಬೀಗ ಆರೂವರೆಗೆ ಹಾಕುತ್ತೇನೆ.

ಪಾಲಕರಿಗೆ ಒಂದು ಮಾತು. ನಿಮ್ಮ ಮಗನ ಜೇಬಿನಲ್ಲಿ ಚೀಟಿ ಸಿಕ್ಕರೆ ಆ ರಾತ್ರಿಯೇ ನ್ಯಾಯ ತೀರ್ಮಾನ ಮಾಡಬೇಡಿ. ಜೊತೆಗೆ ಕುಳಿತು ಉಣ್ಣಿ. ಮರುದಿನ ಕೇಳಿ. ಯಾರನ್ನು ಕೇಳಬೇಕೆಂದು ತೋಚದಿದ್ದರೆ ಮನಸ್ಸಿನ ತೊಂದರೆಗಳಿಗೆ ಟೆಲಿ ಮಾನಸ್‌ನ 14416, ಮಾದಕ ವಸ್ತುಗಳ ಚಟಕ್ಕೆ 14446, ತಂಬಾಕು ಬಿಡಲು 1800-11-2356 ಇವೆ, ದುಡ್ಡು ಬೇಕಿಲ್ಲ. ಮಕ್ಕಳೇ ಈ ಸಂಖ್ಯೆಗಳಿಗೆ ಮಾತಾಡಬಹುದು. ಅದಕ್ಕೂ ಮೊದಲು ನಿಮ್ಮ ಕಿಸೆ ನೋಡಿಕೊಳ್ಳಿ. ಅಂಗಡಿಗೆ ಮಗನನ್ನು ಕಳಿಸುವ ಮುನ್ನ ಏನು ತರಲು ಕಳಿಸುತ್ತಿದ್ದೀರಿ ಎಂದು ಯೋಚಿಸಿ.

ಯುಗಾದಿಗೆ ಗುಳೆ ಹೋದವರು ಊರಿಗೆ ಬಂದಾಗ ಆ ಹುಡುಗನ ಮನೆಗೆ ಹೋದೆ. ಎತ್ತರವಾಗಿದ್ದ, ಅಂಗೈ ಒರಟಾಗಿತ್ತು. ಅಜ್ಜಿ ಚಾಪೆ ಹಾಸಿದಳು. ‘ಅವತ್ತು ನಿನ್ನ ಹೊರಗ ಹಾಕಿದ್ದು ನನ್ನ ತಪ್ಪು’ ಎಂದೆ. ಅವನು ನೆಲ ನೋಡುತ್ತಿದ್ದ. ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಬಹುದು, ಪುಸ್ತಕ ನಾನು ಕೊಡುತ್ತೇನೆ ಎಂದೆ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನನ್ನ ಅಂಗಿಯ ಕಿಸೆಯನ್ನು ನೋಡಿ, ‘ನಿಮ್ಮ ಡಬ್ಬಿ ಎಲ್ಲದ್ರಿ ಸರ?’ ಎಂದು ಕೇಳಿದ.

‘ಬಿಟ್ಟೀನಪ್ಪಾ’ ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹ್ಯಾಂಗ ಬಿಟ್ರಿ?’ ಎಂದ.

ನಾನು ಕಥೆ ಹೇಳಲು ಶುರು ಮಾಡಿದೆ. ಮುಂದಿನ ವಾರ ಅವನು ಮತ್ತೆ ಬೆಂಗಳೂರಿಗೆ ಹೋದ. ಹೋಗುವಾಗ ಲೆಕ್ಕದ ಪುಸ್ತಕವೊಂದನ್ನು ಚೀಲದಲ್ಲಿಟ್ಟುಕೊಂಡ ಎಂದು ಅಜ್ಜಿ ಹೇಳಿದಳು. ದೀಪಾವಳಿಗೆ ಅವನು ಬರುತ್ತಾನೆ. ಆಗ ಮತ್ತೆ ಹೋಗುತ್ತೇನೆ.